ಬಡ್ತಿ–ಹಿಂಬಡ್ತಿ ಬೇಕಾ? ಕ್ಲಬ್ ಲೈಸೆನ್ಸ್ ಫೈಲು ನೋಡುವ ಸಿಎ ಸರ್‌ಗೆ ಪ್ರಶ್ನೆಗಳು

ಅಡ್ಮಿನ್, ಚಿಕ್ಕಮಗಳೂರು: ಎಲ್ಲರಿಗೂ ನಮಸ್ಕಾರ. ಐಎಸ್‌ಎಲ್‌ನಂಥ (ಇಂಡಿಯನ್ ಸೂಪರ್ ಲೀಗ್) ವೃತ್ತಿಪರ ಫುಟ್‌ಬಾಲ್ ಲೀಗಿಗೆ ಬಡ್ತಿ–ಹಿಂಬಡ್ತಿ (ಗೆದ್ದ ತಂಡ ಮೇಲಿನ ದರ್ಜೆಗೆ, ತಳದ ತಂಡ ಕೆಳಗಿನ ದರ್ಜೆಗೆ) ತರಬೇಕೋ ಬೇಡವೋ ಅಂತ ವಾರದಿಂದ ಗ್ರೂಪಲ್ಲಿ ವಾದ ನಡೀತಿದೆ. ಕ್ಲಬ್‌ಗಳ ಲೆಕ್ಕಪತ್ರ, ಲೈಸೆನ್ಸ್ ಕೆಲಸ ಮಾಡುವ ಸಿಎ ಸರ್ ಇವತ್ತು ಉತ್ತರ ಕೊಡ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ದಯವಿಟ್ಟು ಬೇಡ.

ಅರಸೀಕೆರೆ ಕೋಚ್: ಸರ್, ನೇರವಾಗಿ ಹೇಳಿ. ಬೇಕಾ, ಬೇಡವಾ?

ಸಿಎ: ಬೇಕು. ಆದರೆ ಕೆಳಗೆ ಬಿದ್ದ ಕ್ಲಬ್ ಮುಂದಿನ ವರ್ಷವೂ ಸಂಬಳ ಕೊಡುವ ಸ್ಥಿತಿಯಲ್ಲಿರಬೇಕು. ಎರಡನೇ ದರ್ಜೆಗೆ ಆ ಮಟ್ಟಿಗೆ ಹಣ ಹರಿಯುವ ಏರ್ಪಾಡು ಮೊದಲು, ಇಳಿಸೋದು ಆಮೇಲೆ.

ಬೇಲೂರು ವಿಂಗರ್: ಐಎಸ್‌ಎಲ್‌ನಲ್ಲಿ ಈಗಾಗಲೇ ಇದೆ ಅಂತಾರಲ್ಲ ಸರ್?

ಸಿಎ: 2024–25ರವರೆಗೆ ಅರ್ಧ ಮಾತ್ರ ಇತ್ತು. ಏಷ್ಯಾದ ಫುಟ್‌ಬಾಲ್ ಒಕ್ಕೂಟ ಎಎಫ್‌ಸಿ 2019ರಲ್ಲಿ ಒಪ್ಪಿದ ಯೋಜನೆಯಂತೆ, ಐ-ಲೀಗ್ (ಐಎಸ್‌ಎಲ್ ಕೆಳಗಿನ ದರ್ಜೆ) ಗೆದ್ದವರು ಲೈಸೆನ್ಸ್ (ಲೀಗಿನಲ್ಲಿ ಆಡಲು ಕ್ಲಬ್‌ಗೆ ಬೇಕಾದ ಪರವಾನಗಿ) ಷರತ್ತು ಪೂರೈಸಿದರೆ ಫ್ರಾಂಚೈಸಿ ಶುಲ್ಕ ಇಲ್ಲದೆ ಮೇಲೆ ಬರಬಹುದು. 2023ರಲ್ಲಿ ಪಂಜಾಬ್, 2024ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಹಾಗೇ ಬಂದವು. ಇಳಿಸೋದು 2024–25ರಿಂದ ಅಂತ ಇತ್ತು. ಆ ಋತು ಮುಗಿದಾಗ ಯಾರೂ ಇಳಿಯಲಿಲ್ಲ. ಮೊಹಮ್ಮಡನ್ 13 ತಂಡದಲ್ಲಿ 13ನೇದು. ನಿಯಮ ಜಾರಿಯಲ್ಲಿದ್ದಿದ್ದರೆ ಬಂದ ವರ್ಷವೇ ವಾಪಸ್.

ಬಿಎಫ್‌ಸಿ ಅಭಿಮಾನಿ, ಹಾಸನ: ಅದಕ್ಕೇ ಬೇಡ ಅನ್ನೋದು. 2023–24ರಲ್ಲಿ ನಮ್ಮ ಬೆಂಗಳೂರು ಎಫ್‌ಸಿ 12ರಲ್ಲಿ 10ನೇ ಸ್ಥಾನ. ಮೂರು ತಂಡ ಇಳಿಸಿದ್ದರೆ ಬೆಂಗಳೂರು ಔಟ್. ಮರುವರ್ಷ ಅದೇ ಕ್ಲಬ್ ಫೈನಲ್ ಆಡಿತು.

ತರೀಕೆರೆ ಸ್ಟಾಪರ್: 12 ತಂಡದ ಲೀಗಲ್ಲಿ ಮೂರು ಇಳಿಸಿ ಅಂತ ಯಾರು ಹೇಳಿದ್ರು ಅಣ್ಣಾ? ಜರ್ಮನಿಯಲ್ಲಿ 18 ತಂಡ, ನೇರ ಇಳಿಯೋದು ಎರಡೇ. 16ನೇ ತಂಡ ಕೆಳಗಿನ ದರ್ಜೆಯ ಮೂರನೇ ತಂಡದ ಜೊತೆ ಎರಡು ಪಂದ್ಯ ಆಡಿ ತೀರ್ಮಾನ. ನಮಗೆ ಒಂದು ನೇರ, ಒಂದು ಪ್ಲೇಆಫ್ ಸಾಕು.

ಸಕಲೇಶಪುರ ಗೋಲಿ: ಫಾರ್ವರ್ಡ್ ಮಾಡಿದ್ದು 👇 “ಫಿಫಾ ನಿಯಮ 9: ಹಿಂಬಡ್ತಿ ಇಲ್ಲದ ದೇಶ ಬ್ಯಾನ್ ಆಗುತ್ತದೆ. ಕ್ರೀಡಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದರೆ ಗೆಲುವು ಖಚಿತ. ಎಲ್ಲರಿಗೂ ಹಂಚಿ.”

ಸಿಎ: ಹಂಚಬೇಡಿ. ಲೀಗಿನಲ್ಲಿ ಸ್ಥಾನ ಮುಖ್ಯವಾಗಿ ಆಟದ ಫಲಿತಾಂಶದಿಂದ ಸಿಗಬೇಕು ಅಂತ ಆ ನಿಯಮ ಹೇಳೋದು ನಿಜ. ಆದರೆ ಅಮೆರಿಕದ ಲೀಗ್ ಎಂಎಲ್‌ಎಸ್ 1996ರಿಂದ ಮುಚ್ಚಿದ ಲೀಗ್, ಬಡ್ತಿ–ಹಿಂಬಡ್ತಿ ಇಲ್ಲ; ಆದರೂ ಬ್ಯಾನ್ ಆಗಿಲ್ಲ. ಅಲ್ಲಿನ ಕೆಳದರ್ಜೆಯ ಕ್ಲಬ್‌ಗಳಾದ ಮಯಾಮಿ ಎಫ್‌ಸಿ, ಕಿಂಗ್‌ಸ್ಟನ್ ಸ್ಟಾಕೇಡ್ ಇದೇ ನಿಯಮ ಹಿಡಿದು ಕ್ರೀಡಾ ನ್ಯಾಯಾಲಯಕ್ಕೆ ಹೋಗಿ 2020ರಲ್ಲಿ ಸೋತವು. 2022ರ ಆಗಸ್ಟ್‌ನಲ್ಲಿ ಭಾರತ ಅಮಾನತಾಗಿದ್ದು ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪಕ್ಕೆ. ಇದನ್ನು ನಂಬಿ ವಕೀಲರಿಗೆ ದುಡ್ಡು ಕೊಟ್ಟೀರಿ, ಜೋಕೆ.

ಮೂಡಿಗೆರೆ ಪ್ಲಾಂಟರ್: ಸಿಎ ಸರ್, ನಾವು ಮೂವರು ಪಾಲುದಾರರು. ಬೆಂಗಳೂರಿನ ಎ ಡಿವಿಷನ್ ಕ್ಲಬ್ ಒಂದನ್ನು ವಹಿಸಿಕೊಂಡು ಐದು ವರ್ಷದಲ್ಲಿ ಐಎಸ್‌ಎಲ್ ಮುಟ್ಟುವ ಯೋಚನೆ. ತೋಟದ ಮೇಲೆ 2 ಕೋಟಿ ಸಾಲ, ಬಡ್ಡಿ 11%. ದಾರಿ ತೆರೆದಿದೆಯಲ್ಲ, ಮಾಡಬಹುದಾ?

ಸಿಎ: ಗೌಡ್ರೆ, ಸಹಿ ಹಾಕಿಲ್ಲ ತಾನೆ? ಹಾಕಿಲ್ಲ ಅಂದ್ರೆ ಇದನ್ನು ನಿಧಾನವಾಗಿ ಓದಿ.

2024–25ರ ಲೆಕ್ಕದಲ್ಲಿ ಎ ಡಿವಿಷನ್‌ನಿಂದ ಸೂಪರ್ ಡಿವಿಷನ್, ಅಲ್ಲಿಂದ ಐ-ಲೀಗ್ 3, ಐ-ಲೀಗ್ 2, ಐ-ಲೀಗ್, ಕೊನೆಗೆ ಐಎಸ್‌ಎಲ್. ಐದು ವರ್ಷಕ್ಕೆ ಐದು ಮೆಟ್ಟಿಲು. ಒಂದು ವರ್ಷವೂ ಜಾರುವಂತಿಲ್ಲ. ಎಸ್‌ಸಿ ಬೆಂಗಳೂರು 2023–24ರಲ್ಲಿ ಐ-ಲೀಗ್ 2 ಗೆದ್ದು ಮೇಲೇರಿತು, 2024–25ರಲ್ಲೇ ಕೆಳಗಿಳಿಯಿತು. ಬೆಂಗಳೂರು ಎಫ್‌ಸಿ ಈ ಮೆಟ್ಟಿಲು ಹತ್ತಲೇ ಇಲ್ಲ, 2013ರಲ್ಲಿ ಕಂಪನಿ ಹಣದೊಂದಿಗೆ ನೇರ ಐ-ಲೀಗಿಗೆ ಬಂತು.

ಈಗ ದುಡ್ಡು. 25 ಆಟಗಾರರು, ಸರಾಸರಿ ತಿಂಗಳಿಗೆ 25,000, ಹತ್ತು ತಿಂಗಳು ಅಂತ ಇಟ್ಟುಕೊಳ್ಳಿ: 62.5 ಲಕ್ಷ. ಬಡ್ಡಿ 22 ಲಕ್ಷ. ಕೋಚ್, ಮೈದಾನ, ಬಸ್ಸು, ಫಿಸಿಯೋ ಸೇರಿಸುವ ಮೊದಲೇ 84.5 ಲಕ್ಷ. ನಿಮ್ಮ 2 ಕೋಟಿ ಎರಡೂವರೆ ವರ್ಷ ಬರೋಲ್ಲ. ಆಗ ನೀವು ಇನ್ನೂ ಐ-ಲೀಗ್ 3ರಲ್ಲಿ, ಅದೂ ಎಲ್ಲ ಗೆದ್ದಿದ್ದರೆ. ಅಸಲು ಹಾಗೇ ನಿಂತಿರುತ್ತೆ.

ನಿಮ್ಮ ಕೈಗೆ ಕಾಫಿ ದುಡ್ಡು ಬರೋದು ಕೊಯ್ಲು ಮುಗಿದು ಫೆಬ್ರವರಿಯಿಂದ ಏಪ್ರಿಲ್. ಸೆಪ್ಟೆಂಬರ್‌ನಲ್ಲಿ ತಂಡ ಕಟ್ಟಿದರೆ ಐದು ತಿಂಗಳ ಸಂಬಳ ಎಲ್ಲಿಂದ? ಫಿಫಾ ವರ್ಗಾವಣೆ ನಿಯಮ 14 ಬಿಸ್ ಪ್ರಕಾರ, ಎರಡು ತಿಂಗಳ ಸಂಬಳ ಬಾಕಿ ಬಿದ್ದರೆ ಆಟಗಾರ 15 ದಿನದ ಲಿಖಿತ ನೋಟಿಸ್ ಕೊಟ್ಟು ಕರಾರು ಮುರಿಯಬಹುದು, ಪರಿಹಾರವನ್ನೂ ಕೇಳಬಹುದು. ಬೆಳೆಸಾಲದಿಂದ ತೆಗೆದು ಕೊಡ್ತೀನಿ ಅನ್ನಬೇಡಿ. ಬ್ಯಾಂಕಿಗೆ ಅದು ಸಾಲದ ದುರುಪಯೋಗ.

ಪ್ರೈವೇಟ್ ಲಿಮಿಟೆಡ್ ಮಾಡಿದ್ರೆ ತೋಟ ಉಳಿಯುತ್ತೆ ಅಂತ ಯಾರಾದ್ರೂ ಹೇಳಿರಬಹುದು. ತೋಟದ ಪತ್ರ ಇಟ್ಟು, ಮೂವರೂ ವೈಯಕ್ತಿಕ ಜಾಮೀನು ಹಾಕಿದ ಮೇಲೆ ಕಂಪನಿ ಹೆಸರು ರಕ್ಷಣೆ ಕೊಡೋಲ್ಲ.

ಮಾಡಲೇಬೇಕಿದ್ದರೆ ಸಾಲವಿಲ್ಲದ ಹಣದಲ್ಲಿ ಮಾಡಿ. ನಾಲ್ಕು ತಿಂಗಳ ಸಂಬಳ ಎಫ್‌ಡಿಯಲ್ಲಿಟ್ಟು ಮುಟ್ಟಬೇಡಿ. ಕೆಳಗಿಳಿದರೆ ಸಂಬಳ ಇಷ್ಟು ಶೇಕಡ ಕಡಿತ, ಮೇಲೇರಿದರೆ ಇಷ್ಟು ಹೆಚ್ಚಳ ಅನ್ನೋದು ಕರಾರಿಗೆ ಸಹಿ ಹಾಕುವ ದಿನವೇ ಬರೆದಿರಲಿ. ಬಿದ್ದ ಮೇಲೆ ಒಬ್ಬರೇ ಕೂತು ಕಡಿತ ಮಾಡೋಕಾಗಲ್ಲ. ಮೊದಲ ವರ್ಷ ಎಲ್ಲರಿಗೂ ಋತು ಮುಗಿಯುವವರೆಗಿನ ಕರಾರು ಮಾತ್ರ.

ಚನ್ನರಾಯಪಟ್ಟಣ ಲೆಫ್ಟ್ ಬ್ಯಾಕ್: ಸರ್, ಮಹಿಳಾ ಲೀಗಿಗೂ ಇದೇ ಲೆಕ್ಕ ಆಗುತ್ತಾ?

ಕಡೂರು ಕ್ಲಬ್ ಕಾರ್ಯದರ್ಶಿ: ಇಂಗ್ಲೆಂಡಿನ ಪ್ಯಾರಾಶೂಟ್ ಹಣ ತಂದ್ರೆ ಎಲ್ಲಾ ಸರಿ ಅಂತ ಇನ್ನೊಂದು ಗ್ರೂಪಲ್ಲಿ ಬಂದಿದೆ. ಅರ್ಜೆಂಟೀನಾ ಥರ ಮೂರು ವರ್ಷದ ಅಂಕಗಳ ಸರಾಸರಿ ನೋಡಿ ಇಳಿಸೋದನ್ನೂ ಹೇಳ್ತಿದಾರೆ.

ಸಿಎ: ಪ್ಯಾರಾಶೂಟ್ ಅಂದ್ರೆ ಕೆಳಗಿಳಿದ ಕ್ಲಬ್‌ಗೆ, ಪ್ರೀಮಿಯರ್ ಲೀಗ್ ಸಮಪಾಲು ಮಾಡುವ ಟಿವಿ ಹಣದಲ್ಲಿ ಒಂದು ಕ್ಲಬ್ಬಿನ ಪಾಲಿನ 55%, ಮರುವರ್ಷ 45%, ಮೂರನೇ ವರ್ಷ 20%. ಟಿವಿ ಹಣವೇ ಸಣ್ಣದಾದರೆ 55% ಯಾವ ಮೂಲೆಗೆ? ದೊಡ್ಡದಾಗಿದ್ದರೂ, ಅದು ಸಿಕ್ಕಿದವರು ಎರಡನೇ ದರ್ಜೆಯಲ್ಲಿ ಉಳಿದವರಿಗಿಂತ ಹೆಚ್ಚು ಖರ್ಚು ಮಾಡ್ತಾರೆ. ಸರಾಸರಿ ಪದ್ಧತಿ ಹಳೇ ದೊಡ್ಡ ಕ್ಲಬ್‌ಗೆ ಕೊಡೆ. ಹೊಸದಾಗಿ ಬಂದವರಿಗೆ ಕಷ್ಟ, ಯಾಕಂದ್ರೆ ಅವರ ಲೆಕ್ಕಕ್ಕೆ ಒಂದೇ ಋತು. ಆ ಕೊಡೆ ಇದ್ದೂ ಅಲ್ಲಿನ ದೊಡ್ಡ ಕ್ಲಬ್ ರಿವರ್ ಪ್ಲೇಟ್ 2011ರಲ್ಲಿ ಬಿತ್ತು. ಮದ್ದು ಫಾರ್ವರ್ಡ್ ಮಾಡುವ ಮುಂಚೆ ರೋಗ ಯಾವುದು ನೋಡಿ.

ಬಿಎಫ್‌ಸಿ ಅಭಿಮಾನಿ, ಹಾಸನ: ನೋಡಿ, ಸಿಎ ಸರ್ ಕೂಡ ಬೇಡ ಅಂತಿದಾರೆ.

ತರೀಕೆರೆ ಸ್ಟಾಪರ್: ಮೊದಲನೇ ಉತ್ತರ ಓದಿ ಸ್ವಾಮಿ. “ಬೇಕು” ಅಂತ ಇದೆ. ತಳದಲ್ಲಿದ್ದವರಿಗೆ ಕೊನೇ ಆರು ಪಂದ್ಯ ಬರೀ ಹಾಜರಿ. ಇಳಿಯುವ ಭಯ ಇದ್ರೆ ಆಡ್ತಾರೆ.

ಹಾಸನ ರೆಫ್ರಿ: ಭಯ ಇದ್ರೆ ಫಿಕ್ಸಿಂಗೂ ಬರುತ್ತೆ. ಜರ್ಮನಿಯ ಲೀಗಿನ 1971ರ ಬುಂಡೆಸ್‌ಲಿಗಾ ಹಗರಣ ಇಳಿಯೋದು ತಪ್ಪಿಸಿಕೊಳ್ಳೋಕೆ ಪಂದ್ಯ ಕೊಂಡದ್ದು. ಇಂಗ್ಲೆಂಡಿನಲ್ಲಿ 1898ರಲ್ಲಿ ಯಾರು ಮೇಲೆ, ಯಾರು ಕೆಳಗೆ ಅಂತ ತೀರ್ಮಾನಿಸುವ ಪರೀಕ್ಷಾ ಪಂದ್ಯದಲ್ಲಿ ಸ್ಟೋಕ್, ಬರ್ನ್ಲಿ ಎರಡಕ್ಕೂ ಡ್ರಾ ಸಾಕಿತ್ತು, 0–0 ಆಡಿ ಕೂತರು. ಆಮೇಲೆ ಇಂಗ್ಲೆಂಡ್ ಆ ಪರೀಕ್ಷಾ ಪಂದ್ಯಗಳನ್ನೇ ಬಿಟ್ಟು ನೇರ ಬಡ್ತಿ ತಂದಿತು. ಕೊನೇ ಸುತ್ತು ಎಲ್ಲ ಪಂದ್ಯ ಒಂದೇ ಹೊತ್ತಿಗೆ ಶುರುವಾಗಬೇಕು. ಟಿವಿಯವರಿಗಾಗಿ ಬೇರೆ ಬೇರೆ ಹೊತ್ತಿಗೆ ಇಟ್ಟರೆ ಕೆಟ್ಟಿತು.

ತರೀಕೆರೆ ಸ್ಟಾಪರ್: ಅಂದ್ರೆ ನಿಯಮವೇ ಬೇಡವಾ?

ಹಾಸನ ರೆಫ್ರಿ: ಹಾಗೆ ಎಲ್ಲಿ ಬರೆದಿದ್ದೀನಿ? ಓದೋಕೆ ಬರಲ್ವಾ?

ಅಡ್ಮಿನ್, ಚಿಕ್ಕಮಗಳೂರು: ಇಬ್ಬರೂ ಸಾಕು ಮಾಡಿ.

ಹೊಳೆನರಸೀಪುರ ಯುನೈಟೆಡ್: ಐಎಸ್‌ಎಲ್‌ನಲ್ಲಿ ಹಿಂಬಡ್ತಿ ಈಗಾಗಲೇ ಇದೆಯಾ ಸರ್?

ಸಿಎ: ಮೇಲೆ ಉತ್ತರಿಸಿದ್ದೇನೆ.

ಕೊಪ್ಪ ಮಿಡ್‌ಫೀಲ್ಡ್: ಲೈಸೆನ್ಸ್ ಇಲ್ಲದೆ ಗೆದ್ದರೆ?

ಸಿಎ: ಮೇಲೆ ಹೋಗಲ್ಲ.

ಬೇಲೂರು ವಿಂಗರ್: ಹಾಸನ ಜಿಲ್ಲಾ ಕ್ರೀಡಾಂಗಣಕ್ಕೆ ಫ್ಲಡ್‌ಲೈಟ್ ಎಷ್ಟು ಲಕ್ಸ್ ಬೇಕಾಗುತ್ತೆ?

ಮೂಡಿಗೆರೆ ಪ್ಲಾಂಟರ್: ಸರ್, ಸಾಲ 1 ಕೋಟಿಗೆ ಇಳಿಸಿದ್ರೆ?

ಸಿಎ: ತೋಟದ ಪತ್ರ ಬ್ಯಾಂಕಿಗೆ ಹೋಗೋದಾದ್ರೆ ಮೊತ್ತ ಎಷ್ಟಾದ್ರೂ ಉತ್ತರ ಅದೇ. ಆ ಕ್ಲಬ್ಬಿನ ಮೂರು ವರ್ಷದ ಆಡಿಟ್ ವರದಿ, ಆಟಗಾರರ ಬಾಕಿ ಪಟ್ಟಿ ತರಿಸಿ. ಹಳೇ ಬಾಕಿ ಇದ್ದರೆ ವಹಿಸಿಕೊಂಡವರ ತಲೆಗೇ ಬರುತ್ತೆ. ಸೋಮವಾರ ಬ್ಯಾಂಕಿಗೆ ಹೋಗೋ ಮುಂಚೆ ನನಗೆ ಫೋನ್ ಮಾಡಿ.