ಸಹಾಯ ಬೇಕು: ಕೂಸಿನ ಕಣ್ಣು ಓಲಾಡುತ್ತಿವೆ, ಟಿಎಸ್‌ಎಚ್ ನಾರ್ಮಲ್, ಟಿ4 ಕಡಿಮೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಲ್ಲಿ 7 ವಾರದ ಗಂಡು ಕೂಸು. ಎರಡೂ ಕಣ್ಣು ಅತ್ತಿತ್ತ ನಿಧಾನವಾಗಿ ತೇಲಾಡುತ್ತವೆ, ತಾಯಿಯ ಮುಖದ ಮೇಲೆ ನಿಲ್ಲುವುದಿಲ್ಲ. ಹಿಮ್ಮಡಿ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಪಿಟ್ಯುಟರಿ ಹಾರ್ಮೋನ್) ಮಾತ್ರ ನೋಡಿ ‘ಸರಿಯಿದೆ’ ಎಂದು ಕಳಿಸಿದ್ದರು. ಈಗ ಟಿ4 (ಥೈರಾಯ್ಡ್ ಗ್ರಂಥಿಯ ಹಾರ್ಮೋನ್) ಕಡಿಮೆ ಬಂದಿದೆ. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯಲ್ಲೇ ದೋಷವಿದ್ದರೆ ಟಿ4 ಇಳಿದರೂ ಟಿಎಸ್‌ಎಚ್ ಏರುವುದಿಲ್ಲ, ಹಾಗಾಗಿ ಆ ಪರೀಕ್ಷೆಯಲ್ಲಿ ಇಂಥ ಕೂಸುಗಳು ತಪ್ಪಿಹೋಗುತ್ತವೆ.

ನಮ್ಮ ಅನುಮಾನ ಎರಡು. ಕಣ್ಣಿನ ನರ ಸಣ್ಣದಿದ್ದರೆ ಸೆಪ್ಟೊ-ಆಪ್ಟಿಕ್ ಡಿಸ್‌ಪ್ಲೇಸಿಯಾ (ಕಣ್ಣಿನ ನರ, ಮಿದುಳಿನ ನಡುಭಾಗ, ಪಿಟ್ಯುಟರಿ ಸರಿಯಾಗಿ ಬೆಳೆಯದ ಹುಟ್ಟು ದೋಷ). ಎಚ್‌ಇಎಸ್‌ಎಕ್ಸ್1 ಮುಂತಾದ ಜೀನ್ ನೋಡಬೇಕು, ಆದರೆ ಬಹಳಷ್ಟು ಕೂಸುಗಳಲ್ಲಿ ಯಾವ ಜೀನೂ ಸಿಗುವುದಿಲ್ಲ. ಟಿ3 (ಇನ್ನೊಂದು ಥೈರಾಯ್ಡ್ ಹಾರ್ಮೋನ್) ಹೆಚ್ಚಿದ್ದು ಕತ್ತು ನಿಲ್ಲದಿದ್ದರೆ ಎಂಸಿಟಿ8 (ಥೈರಾಯ್ಡ್ ಹಾರ್ಮೋನನ್ನು ಜೀವಕೋಶದೊಳಗೆ ಸಾಗಿಸುವ ಪ್ರೋಟೀನ್) ದೋಷ. ಅದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ತಾಯಿಯಿಂದ ಗಂಡು ಮಕ್ಕಳಿಗೆ ಬರಬಹುದು. ಟಿ3 ಪರೀಕ್ಷೆ ಇನ್ನೂ ಆಗಿಲ್ಲ.

ಬೆಳಗಾವಿ, ವಿಜಯಪುರದವರು ದಯವಿಟ್ಟು ತಿಳಿಸಿ: ಫ್ರೀ ಟಿ3 ಮತ್ತು ಬೆಳಗಿನ ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನ್) ಪರೀಕ್ಷೆ ಬೇಗ ಎಲ್ಲಿ ಸಿಗುತ್ತದೆ? ಹಾಲು ಕುಡಿಸಿ, ಬಟ್ಟೆ ಸುತ್ತಿ ಮಲಗಿಸಿ ಪಿಟ್ಯುಟರಿ ಎಂಆರ್‌ಐ ಮಾಡುವವರು ಯಾರು? ತಂದೆ-ತಾಯಿ-ಕೂಸು ಮೂವರ ಇಡಿಟಿಎ ಟ್ಯೂಬಿನ (ಹೆಪ್ಪುಗಟ್ಟದಂತಿಟ್ಟ) ರಕ್ತವನ್ನು ಎಕ್ಸೋಮ್ (ಜೀನ್‌ಗಳ) ಪರೀಕ್ಷೆಗೆ ಕಳಿಸುವ ವ್ಯವಸ್ಥೆ ಎಲ್ಲಿದೆ?

ಕಾರ್ಟಿಸಾಲ್ ನೋಡದೆ ಥೈರಾಕ್ಸಿನ್ (ಟಿ4 ಔಷಧಿ) ಶುರು ಮಾಡಿ ಎಂದು ಮಾತ್ರ ಯಾರೂ ಹೇಳಬೇಡಿ. ಅಡ್ರಿನಲ್ ಕೊರತೆ ಇದ್ದರೆ ಕೂಸಿನ ಜೀವಕ್ಕೇ ಅಪಾಯ. ಸಕ್ಕರೆ ಇಳಿಯುತ್ತದೆಯೇ ಎಂದು ಹಾಲಿನ ಮುಂಚೆ ಹಿಮ್ಮಡಿ ಚುಚ್ಚಿ ನೋಡುತ್ತಿದ್ದೇವೆ.