ಬಿಎಸ್ಸಿ ಪ್ರಾಜೆಕ್ಟನ್ನು ಯಾವ ಜರ್ನಲ್‌ಗೆ ಕಳಿಸಲಿ?

ಕೆರೆದಂಡೆ
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯವಳು, ಬಿಎಸ್ಸಿ ಕೊನೇ ವರ್ಷ, ಪ್ರಾಣಿಶಾಸ್ತ್ರ. ಪ್ರಾಜೆಕ್ಟಿಗೆ ಏರೋಪ್ಲೇನ್ ಚಿಟ್ಟೆಗಳನ್ನ, ಅಂದ್ರೆ ಡ್ರ್ಯಾಗನ್‌ಫ್ಲೈಗಳನ್ನ ಆರಿಸಿಕೊಂಡೆ. ಎರಡು ಕೆರೆ. ಒಂದಕ್ಕೆ ಪಟ್ಟಣದ ಚರಂಡಿ ನೀರು ಸೇರುತ್ತೆ, ಇನ್ನೊಂದು ನಮ್ಮೂರ ಹೊಲಗಳ ನಡುವೆ ಇದೆ. ದೀಪಾವಳಿಯಿಂದ ಯುಗಾದಿವರೆಗೆ ವಾರಕ್ಕೊಮ್ಮೆ ಎರಡೂ ಕಡೆ ಏರಿ ಮೇಲೆ ನಡೆದು ಎಣಿಸಿದೀನಿ. ಚರಂಡಿ ಸೇರುವ ಕೆರೆ ತುಂಬ ಬ್ರಾಕಿಥೆಮಿಸ್ ಕಂಟಾಮಿನೇಟಾ ಒಂದೇ ಜಾತಿ. ನಮ್ಮೂರ ಕೆರೆಯಲ್ಲಿ ಜಾತಿಗಳು ಹೆಚ್ಚು. ಫೋಟೋ, ನೋಟ್‌ಬುಕ್ ಎಲ್ಲ ಇಟ್ಟಿದೀನಿ. ‘ಡ್ರ್ಯಾಗನ್‌ಫ್ಲೈಗಳ ಮೇಲೆ ನೀರಿನ ಮಾಲಿನ್ಯದ ಪರಿಣಾಮ’ ಅಂತ ಶೀರ್ಷಿಕೆ ಕೊಟ್ಟಿದೀನಿ.

ಈಗ ಒಂದು ‘ಅಂತಾರಾಷ್ಟ್ರೀಯ’ ಜರ್ನಲ್‌ನಿಂದ ಮೇಲ್ ಬಂದಿದೆ. 1,500 ರೂಪಾಯಿ ಕಟ್ಟಿದ್ರೆ ಮೂರು ದಿನದಲ್ಲಿ ಪ್ರಕಟಣೆ, ಜೊತೆಗೆ ಸರ್ಟಿಫಿಕೇಟ್. ನಮ್ಮ ಕ್ಲಾಸಿನ ಕೆಲವರು ಕಳಿಸಿದಾರೆ. ಎಂಎಸ್ಸಿ ಸೀಟಿಗೆ ಅನುಕೂಲ ಆಗುತ್ತೆ ಅಂತಾರೆ. ನನಗೆ ಮಾತ್ರ, ಈ ವಿಷಯ ಗೊತ್ತಿರೋರು ಒಬ್ಬರಾದ್ರೂ ಪೂರ್ತಿ ಓದಿ ಸರಿ ತಪ್ಪು ಹೇಳಬೇಕು ಅಂತ ಆಸೆ. ಎಲ್ಲಿಗೆ ಕಳಿಸಲಿ?

ಮೈಸೂರು_ಎಂಎಸ್ಸಿ
ರೆಸೊನೆನ್ಸ್‌ಗೆ ಪ್ರಯತ್ನ ಮಾಡಿ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ 1996ರಿಂದ ತರ್ತಿದೆ. ಬಿಎಸ್ಸಿ ಅಂತ ಹಿಂಜರಿಯಬೇಡಿ. ಸಿ.ವಿ. ರಾಮನ್ ಅವರ ಮೊದಲ ಪ್ರಬಂಧ 1906ರಲ್ಲಿ ಫಿಲಸಾಫಿಕಲ್ ಮ್ಯಾಗಜಿನ್‌ನಲ್ಲಿ ಬಂದಾಗ ಅವರಿಗೆ 18 ವರ್ಷ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿ.

ತುಂಗಾತೀರ
ನಾನು ಪ್ರಾಣಿಶಾಸ್ತ್ರದ ಅಧ್ಯಾಪಕಿ. ವಿದ್ಯಾರ್ಥಿಗಳು ಬರೆದದ್ದನ್ನ ರಿವ್ಯೂ ಮಾಡ್ತಿರ್ತೀನಿ, ಅಂದ್ರೆ ಅಚ್ಚಾಗೋ ಮುಂಚೆ ಓದಿ ಸರಿ ತಪ್ಪು ಹೇಳ್ತೀನಿ.

ಆ ಮೇಲ್‌ಗೆ ಉತ್ತರಾನೇ ಕೊಡಬೇಡಿ. ಮೂರು ದಿನದಲ್ಲಿ ಅಚ್ಚಾಗುತ್ತೆ ಅಂದ್ರೆ ನಿಮ್ಮ ಬರಹ ಯಾರೂ ಓದಲ್ಲ ಅಂತಲೇ ಅರ್ಥ. ದುಡ್ಡು ಹೋಗೋದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಒಮ್ಮೆ ಅಲ್ಲಿ ಪ್ರಕಟವಾದ ಮಾಹಿತಿಯನ್ನ ಒಳ್ಳೇ ಜರ್ನಲ್‌ಗಳು ಹೊಸದು ಅಂತ ತಗೊಳ್ಳಲ್ಲ. ದೀಪಾವಳಿಯಿಂದ ಯುಗಾದಿವರೆಗೆ ಬಿಸಿಲಲ್ಲಿ ನಿಂತು ಎಣಿಸಿದ್ದು ಅಲ್ಲಿಗೇ ಮುಗಿದುಹೋಗುತ್ತೆ. ಐಎಸ್‌ಎಸ್‌ಎನ್ ಇದೆ ಅಂತ ತೋರಿಸ್ತಾರೆ. ಅದು ಪತ್ರಿಕೆಯನ್ನ ಗುರುತಿಸೋ ಸಂಖ್ಯೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ. ‘ಯುಜಿಸಿ ಕೇರ್ ಪಟ್ಟಿಯಲ್ಲಿದೆ’ ಅಂದ್ರೂ ನಂಬಬೇಡಿ, ಯುಜಿಸಿ, ಒಪ್ಪಬಹುದಾದ ಜರ್ನಲ್‌ಗಳು ಅಂತ ತಾನು ಮಾಡಿದ್ದ ಆ ಪಟ್ಟಿಯನ್ನೇ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ. ಹಾಗಂತ ಶುಲ್ಕ ಕೇಳೋರೆಲ್ಲ ಮೋಸಗಾರರಲ್ಲ, ಯಾರು ಬೇಕಾದ್ರೂ ಪುಕ್ಕಟೆ ಓದಬಹುದಾದ ಒಳ್ಳೇ ಓಪನ್ ಆಕ್ಸೆಸ್ ಜರ್ನಲ್‌ಗಳಲ್ಲೂ ಶುಲ್ಕ ಇರುತ್ತೆ. ಅಲ್ಲಿ ಮೊದಲು ರಿವ್ಯೂ ಆಗುತ್ತೆ, ಆಮೇಲೆ ದುಡ್ಡಿನ ಮಾತು.

ಈಗ ನಿಮ್ಮ ಕೆಲಸದ ವಿಷಯ. ಓದಿ ನಿಜವಾಗಿ ಖುಷಿಯಾಯ್ತು, ಅದಕ್ಕೇ ಇಷ್ಟು ಉದ್ದ ಬರೀತಿದೀನಿ. ‘ಮಾಲಿನ್ಯದ ಪರಿಣಾಮ’ ಅನ್ನೋ ಶೀರ್ಷಿಕೆ ನಿಲ್ಲಲ್ಲ. ನಿಮ್ಮ ಹತ್ತಿರ ಚರಂಡಿ ನೀರಿನ ಕೆರೆ ಇರೋದು ಒಂದು, ಚೊಕ್ಕ ನೀರಿನದು ಒಂದು. ವಾರವಾರ ಎಷ್ಟೇ ಎಣಿಸಿದ್ರೂ ಕೆರೆ ಎರಡೇ. ಆ ಎರಡರ ನಡುವೆ ಚರಂಡಿ ಬಿಟ್ಟು ಬೇರೆ ವ್ಯತ್ಯಾಸಗಳೂ ಇರ್ತವೆ: ಆಳ, ದಡದ ಜೊಂಡು, ಪಕ್ಕದ ಹೊಲಕ್ಕೆ ಹೊಡೆಯೋ ಔಷಧಿ. ಮೀನು ಬಿಟ್ಟಿದಾರಾ ಅನ್ನೋದಂತೂ ಮುಖ್ಯ, ಯಾಕಂದ್ರೆ ಡ್ರ್ಯಾಗನ್‌ಫ್ಲೈ ಮರಿಗಳು ಬೆಳೆಯೋದು ನೀರೊಳಗೆ, ಮೀನು ಅವನ್ನ ತಿನ್ನುತ್ತೆ. ಜಾತಿ ಕಡಿಮೆಯಾಗಿದ್ದು ಇವುಗಳಲ್ಲಿ ಯಾವುದರಿಂದ ಅಂತ ಎರಡು ಕೆರೆ ನೋಡಿ ಹೇಳೋಕಾಗಲ್ಲ. ಒಂದೇ ಕೆರೆಯ ಹತ್ತಾರು ಎಣಿಕೆಗಳನ್ನ ಹತ್ತಾರು ಬೇರೆ ಬೇರೆ ಸಾಕ್ಷಿಗಳು ಅಂತ ಲೆಕ್ಕ ಹಿಡಿಯೋದನ್ನ ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಸೂಡೋರೆಪ್ಲಿಕೇಶನ್ ಅಂತ ಕರೆದ್ರು. ಓದಿರೋ ರಿವ್ಯೂವರ್ ಯಾರೇ ಆಗಲಿ, ಇದನ್ನ ಎತ್ತೇ ಎತ್ತುತ್ತಾರೆ.

ನಿಮಗೆ ಎರಡು ದಾರಿ ಇದೆ. ಮಾಲಿನ್ಯದ ಮಾತು ಬಿಟ್ಟು ‘ಹಾವೇರಿಯ ಎರಡು ಕೆರೆಗಳ ಡ್ರ್ಯಾಗನ್‌ಫ್ಲೈಗಳು’ ಅಂತ ಕಂಡಷ್ಟನ್ನೇ ಬರೀರಿ. ಇಲ್ಲಾಂದ್ರೆ ಮುಂದಿನ ಚಳಿಗಾಲಕ್ಕೆ ಎರಡೂ ಬಗೆಯ ಕೆರೆಗಳನ್ನ ಇನ್ನಷ್ಟು ಸೇರಿಸಿ. ನಿಮ್ಮ ಜಿಲ್ಲೆಯಲ್ಲಿ ಕೆರೆಗೇನು ಬರ? ನನ್ನನ್ನ ಕೇಳಿದ್ರೆ ಎರಡನೇದೇ ಸರಿ. ಎಣಿಸಿದ ಹೊತ್ತು, ಬಿಸಿಲೋ ಮೋಡವೋ, ಏರಿ ಮೇಲೆ ಎಷ್ಟು ಉದ್ದ ನಡೆದಿರಿ, ಇದನ್ನೆಲ್ಲ ಬಿಡದೆ ಬರೀಬೇಕು. ಮೋಡ ಕವಿದಾಗ ಇವು ಹಾರೋದು ಕಮ್ಮಿ, ಎಣಿಕೆ ಕೆಳಗಿಳಿಯುತ್ತೆ.

ರೆಸೊನೆನ್ಸ್ ಬಹಳ ಒಳ್ಳೇ ಪತ್ರಿಕೆ, ಆದ್ರೆ ಅದು ವಿಜ್ಞಾನ ಶಿಕ್ಷಣಕ್ಕೆ ಇರೋದು, ಇಂಥ ಹೊಸ ಅಧ್ಯಯನಕ್ಕಲ್ಲ. ಪದವಿ ವಿದ್ಯಾರ್ಥಿಗಳ ಸಂಶೋಧನೆಗೇ ಅಂತ ಇರೋದು ಜರ್ನಲ್ ಆಫ್ ಯಂಗ್ ಇನ್ವೆಸ್ಟಿಗೇಟರ್ಸ್. 1997ರಲ್ಲಿ ಶುರುವಾದದ್ದು, ನಡೆಸೋರೂ ವಿದ್ಯಾರ್ಥಿಗಳೇ. ಜಾತಿಗಳ ಪಟ್ಟಿಯಾಗಿ ಬರೆಯೋದಾದ್ರೆ ಕೊಯಮತ್ತೂರಿನ ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ ನೋಡಿ. ಅದು ವಿದ್ಯಾರ್ಥಿಗಳ ಜರ್ನಲ್ ಅಲ್ಲ, ಆದ್ರೆ ನಮ್ಮ ಕಡೆಯ ಕೀಟಗಳನ್ನ ಬಲ್ಲವರ ಕೈಗೆ ನಿಮ್ಮ ಬರಹ ಸಿಗುತ್ತೆ. ಒಂದು ಸಲಕ್ಕೆ ಒಂದೇ ಕಡೆ ಕಳಿಸಿ, ಅವರ ಉತ್ತರ ಬರೋವರೆಗೂ ಇನ್ನೊಂದು ಕಡೆ ಕಳಿಸೋ ಹಾಗಿಲ್ಲ.

ಕೆರೆದಂಡೆ
ಮೇಡಂ, ತುಂಬಾ ಧನ್ಯವಾದ. ಮೀನಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ನಮ್ಮೂರ ಕೆರೆಯನ್ನ ಮೀನಿಗೆ ಹರಾಜು ಹಾಕ್ತಾರೆ, ಪಂಚಾಯಿತಿಯಲ್ಲಿ ಕೇಳ್ತೀನಿ. ಇನ್ನೆರಡು ಪ್ರಶ್ನೆ. ಹೆಸರುಗಳ ಕ್ರಮ ಹೇಗೆ? ಗೈಡ್ ಸರ್ ಹೆಸರು ಮೊದಲು ಹಾಕಬೇಕಾ? ಕ್ಯಾಮೆರಾ ಕೊಟ್ಟ ಗೆಳತಿ ಹೆಸರೂ ಸೇರಿಸಲಾ? ಮತ್ತೆ ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ.

ತುಂಗಾತೀರ
ಕೆಲಸ ಮಾಡಿ ಬರೆದವರು ನೀವು, ಮೊದಲ ಹೆಸರು ನಿಮ್ಮದೇ. ನಮ್ಮ ವಿಷಯದಲ್ಲಿ ಗೈಡ್ ಹೆಸರು ಸಾಮಾನ್ಯವಾಗಿ ಕೊನೆಗೆ, ಅದು ಗೌರವದ ಜಾಗವೇ. ಈ ಮಾತನ್ನ ಬರೆಯೋಕೆ ಮುಂಚೇನೇ ಸರ್ ಹತ್ರ ಆಡಿಬಿಡಿ. ಕರಡನ್ನ ಅವರಿಗೆ ತೋರಿಸಿ ಒಪ್ಪಿಗೆ ಪಡೆಯದೆ ಕಳಿಸಬೇಡಿ. ಕ್ಯಾಮೆರಾ ಕೊಟ್ಟ ಗೆಳತಿಯನ್ನ ಕೃತಜ್ಞತೆಯಲ್ಲಿ ನೆನೆಯಿರಿ, ಲೇಖಕರ ಸಾಲಿನಲ್ಲಿ ಬೇಡ.

ಇಂಗ್ಲಿಷಿಗೆ ಹೆದರಬೇಡಿ. ಏನು ಮಾಡಿದಿರಿ ಅನ್ನೋ ಭಾಗವನ್ನ ಮೊದಲು ಕನ್ನಡದಲ್ಲೇ ತಂಗಿಗೆ ಹೇಳೋ ಹಾಗೆ ಬರೀರಿ. ಅದನ್ನ ಹಿಡಿದುಕೊಂಡು ಅವಳು ಅದೇ ಕೆರೆಗೆ ಹೋಗಿ ಎಣಿಸೋಕಾದ್ರೆ ಸಾಕು, ಆಮೇಲೆ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಇಂಗ್ಲಿಷಿಗೆ ತನ್ನಿ. ರಿವ್ಯೂವರ್ ಟಿಪ್ಪಣಿ ಬಂದಾಗ ಒಂದೊಂದಕ್ಕೂ ಉತ್ತರ ಬರೀಬೇಕು. ಒಪ್ಪದೇ ಇದ್ರೆ ಯಾಕೆ ಅಂತ ಹೇಳಬಹುದು, ತಪ್ಪೇನಿಲ್ಲ.

ಸೇರಿಸಬಹುದಾದ ಕೆರೆಗಳನ್ನ ಇಲ್ಲೇ ಬರೆದು ಹಾಕಿ. ಯಾವುದಕ್ಕೆ ಚರಂಡಿ ಸೇರುತ್ತೆ, ಯಾವುದರಲ್ಲಿ ಮೀನು ಬಿಟ್ಟಿದಾರೆ ಅಂತ ಪಕ್ಕದಲ್ಲಿ ಗುರುತು ಮಾಡಿ. ಯಾವ್ಯಾವುದನ್ನ ಹೋಲಿಸಬಹುದು ಅಂತ ನೋಡಿ ಹೇಳ್ತೀನಿ.