ಯೆಜ್ಡಿ ರೋಡ್‌ಕಿಂಗ್: ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ ಮೇಲೆ ಮಂಜಿನಲ್ಲಿ ಮಾತ್ರ ಆಫ್ ಆಗುತ್ತಿದೆ

ಕಾಫಿತೋಟ_ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ ರೋಡ್‌ಕಿಂಗ್ ಬೈಕ್ ಇದು. 1984ರ ಗಾಡಿ, 6 ವೋಲ್ಟ್ ಡೈನಮೋ (ಬ್ಯಾಟರಿ ಚಾರ್ಜ್ ಮಾಡುವ ಭಾಗ), ಪಾಯಿಂಟ್ (ತೆರೆದು ಮುಚ್ಚಿ ಸ್ಪಾರ್ಕ್ ಬರಿಸುವ ಸ್ವಿಚ್) ಇರುವ ಮಾಡೆಲ್. ಮೂರು ತಿಂಗಳ ಹಿಂದೆ ಪೂರ್ತಿ ಬಿಚ್ಚಿಸಿ, ಫ್ರೇಮ್‌ಗೆ ಪೌಡರ್ ಕೋಟಿಂಗ್ ಮಾಡಿಸಿ, ಹೊಸ ವೈರಿಂಗ್ ಎಳೆಸಿದೆ. ಅದೇ ಸಮಯಕ್ಕೆ ಪಾಯಿಂಟ್, ಕಂಡೆನ್ಸರ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿದೆವು. ಡೈನಮೋ ಹಾಗೇ ಇದೆ. ಡೈನಮೋದೊಳಗೆ ತಿರುಗುವ ಆರ್ಮೇಚರ್ ತುದಿಗೆ ಒಂದು ಪುಟ್ಟ ಮ್ಯಾಗ್ನೆಟ್, ಪಾಯಿಂಟ್ ಇದ್ದ ಜಾಗದಲ್ಲಿ ಸೆನ್ಸರ್, ಸೀಟಿನ ಕೆಳಗೆ ಅದರ ಡಬ್ಬಿ. ಬ್ಯಾಟರಿ ಹೊಸದು, ಪ್ಲಗ್‌ಗೆ ಸ್ಪಾರ್ಕ್ ಕೊಡುವ ಕಾಯಿಲ್ ಹಳೆಯದೇ.

ಮಧ್ಯಾಹ್ನ ಗಾಡಿ ಬೆಣ್ಣೆ ಥರ ಓಡುತ್ತದೆ. ಬೆಳಗ್ಗೆ ಮಂಜು ಇದ್ದಾಗ ಹೊರಟರೆ ಮಾತ್ರ ತಿರುವಿನಲ್ಲಿ ಸ್ಪೀಡ್ ಇಳಿಸಿದ ಕೂಡಲೇ ಮಿಸ್ ಹೊಡೆದು ಆಫ್. ಹತ್ತು ನಿಮಿಷ ನಿಲ್ಲಿಸಿ ಕಿಕ್ ಹೊಡೆದರೆ ಮತ್ತೆ ಸ್ಟಾರ್ಟ್. ಸೆನ್ಸರ್ ಒಳಗೆ ತೇವ ಹೋಗುತ್ತಿದೆ ಅಂತ ನನ್ನ ಅನುಮಾನ.

ಇನ್ನೊಂದು ವಿಷಯ. ಎರಡು ಸಲ ಕಿಕ್ ವಾಪಸ್ ಹೊಡೆದು ಕಾಲು ಊದಿಕೊಂಡಿತ್ತು. ಮೊನ್ನೆ ಸ್ಟಾರ್ಟ್ ಆಯಿತು, ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಹಿಂದಕ್ಕೆ ಹೋಯಿತು! ಹಿಂದಿದ್ದ ಗೋಡೆಗೆ ಮಡ್‌ಗಾರ್ಡ್ ತಾಗಿತು. ಹೀಗೂ ಆಗುತ್ತದಾ? ಹೊಸ ಸೆನ್ಸರ್ ತರಿಸಲಾ?

ಬುಲೆಟ್_ಹಾಸನ

ಸರ್, ತೇವವೇ ಇರಬೇಕು. ಸೆನ್ಸರ್ ಸುತ್ತ ಸಿಲಿಕಾನ್ ಹಚ್ಚಿ ನೋಡಿ. ಆಗದಿದ್ದರೆ 12 ವೋಲ್ಟ್ ಗಾಡಿಯ ಕಾಯಿಲ್ ಹಾಕಿ, ಸ್ಪಾರ್ಕ್ ಜಾಸ್ತಿ ಬರುತ್ತದೆ.

ಯಾದವಗಿರಿ_ಗ್ಯಾರೇಜ್

ಸದ್ಯಕ್ಕೆ ಏನೂ ತರಿಸಬೇಡಿ ಸರ್. ಸಿಲಿಕಾನ್ ಕೂಡ ಬೇಡ. ಒಂದೇ ಒಂದು ಪ್ರಶ್ನೆ: ಮಂಜಿನಲ್ಲಿ ಹೋಗುವಾಗ ಹೆಡ್‌ಲೈಟ್ ಹಾಕಿರುತ್ತೀರಿ ಅಲ್ವಾ? ಮಧ್ಯಾಹ್ನ ಹಾಕಿರುವುದಿಲ್ಲ. ನನಗೆ ಮಂಜಿನ ಮೇಲೆ ಅನುಮಾನ ಇಲ್ಲ, ಲೈಟಿನ ಮೇಲೆ ಇದೆ.

ಇವತ್ತು ಮಧ್ಯಾಹ್ನ ಒಣ ಬಿಸಿಲಿನಲ್ಲೇ ಗಾಡಿ ಸ್ಟಾರ್ಟ್ ಮಾಡಿ, ಐಡ್ಲಿಂಗ್‌ನಲ್ಲಿ ಬಿಟ್ಟು, ಹೆಡ್‌ಲೈಟ್ ಹಾಕಿ, ಬ್ರೇಕ್ ಒತ್ತಿ ಹಿಡಿಯಿರಿ. ಆಫ್ ಆದರೆ ಮಂಜಿನ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಮಲ್ಟಿಮೀಟರ್ ತಗೊಂಡು ಇಗ್ನಿಷನ್ ಆನ್, ಲೈಟ್ ಆನ್ ಇಟ್ಟು ಮೂರು ಕಡೆ ನೋಡಿ ಹೇಳಿ: ಬ್ಯಾಟರಿ ಮೇಲೆ ಎಷ್ಟು, ಕಾಯಿಲ್‌ನ ಪ್ಲಸ್ ಹತ್ತಿರ ಎಷ್ಟು, ಬ್ಯಾಟರಿ ಮೈನಸ್‌ಗೂ ಇಂಜಿನ್ ಕೇಸಿನ ಬರಿ ಲೋಹಕ್ಕೂ ನಡುವೆ ಎಷ್ಟು. ಮೂರನೆಯದು 0.2 ದಾಟಬಾರದು.

12 ವೋಲ್ಟ್ ಕಾಯಿಲ್ ಬಗ್ಗೆ ಒಂದು ಮಾತು. ಅದರ ಪ್ರೈಮರಿ ಸುರುಳಿಯ ಓಮ್ಸ್ ಜಾಸ್ತಿ. 6 ವೋಲ್ಟ್‌ನಲ್ಲಿ ಹಾಕಿದರೆ ಕರೆಂಟ್ ಅರ್ಧಕ್ಕಿಳಿಯುತ್ತದೆ. ಕರೆಂಟ್ ಅರ್ಧವಾದರೆ ಕಾಯಿಲ್‌ನಲ್ಲಿ ಕೂಡಿಡುವ ಶಕ್ತಿ ಕಾಲು ಭಾಗಕ್ಕೆ ಬರುತ್ತದೆ. ಸ್ಪಾರ್ಕ್ ಇನ್ನೂ ಸಪ್ಪೆಯಾಗುತ್ತದೆ. ಸಿಡಿಐ (ಕೆಪಾಸಿಟರ್‌ನಿಂದ ಸ್ಪಾರ್ಕ್ ಕೊಡುವ ಬೇರೆ ಬಗೆಯ ಇಗ್ನಿಷನ್) ಗಾಡಿಯ ಕಾಯಿಲ್ ಅಂತೂ ಇದಕ್ಕೆ ಹೊಂದುವುದೇ ಇಲ್ಲ, ಅದರ ಪ್ರೈಮರಿ ಓಮ್ಸ್ ತೀರಾ ಕಡಿಮೆ, ಡಬ್ಬಿ ಸುಟ್ಟುಹೋಗಬಹುದು.

ಕಾಫಿತೋಟ_ಸಕಲೇಶಪುರ

ಸರ್, ನೀವು ಹೇಳಿದ ಹಾಗೇ ಆಯಿತು. ಬಿಸಿಲಿನಲ್ಲಿ ಅಂಗಳದಲ್ಲೇ ಆಫ್ ಆಯಿತು! ಬ್ರೇಕ್ ಒತ್ತುವವರೆಗೂ ಕಾಯಲಿಲ್ಲ.

ಬ್ಯಾಟರಿ 6.2. ಕಾಯಿಲ್ ಪ್ಲಸ್ ಹತ್ತಿರ 4.9. ಬ್ಯಾಟರಿ ಮೈನಸ್‌ನಿಂದ ಇಂಜಿನ್‌ಗೆ 0.5.

ಯಾದವಗಿರಿ_ಗ್ಯಾರೇಜ್

ನಿಮ್ಮ ಸೆನ್ಸರ್ ಚೆನ್ನಾಗಿದೆ ಸರ್. ಅದಕ್ಕೆ ಹೊಟ್ಟೆಗೆ ಸಿಗುತ್ತಿಲ್ಲ ಅಷ್ಟೇ.

ಐಡ್ಲಿಂಗ್‌ನಲ್ಲಿ ಈ ಡೈನಮೋ ಚಾರ್ಜ್ ಮಾಡುವುದಿಲ್ಲ, ಅದಕ್ಕೇ ಚಾರ್ಜಿಂಗ್‌ನ ಕೆಂಪು ಲೈಟ್ ಉರಿಯುವುದು. ಆಗ ಕಾಯಿಲ್, ಹೆಡ್‌ಲೈಟ್ ಎರಡನ್ನೂ ಬ್ಯಾಟರಿಯೇ ಸಾಕಬೇಕು. 6 ವೋಲ್ಟ್‌ನಲ್ಲಿ 35 ವ್ಯಾಟ್ ಬಲ್ಬ್ ಅಂದರೆ ಹತ್ತಿರ ಹತ್ತಿರ 6 ಆಂಪಿಯರ್. ಕಾಯಿಲ್‌ಗೆ ಇನ್ನೊಂದು 3 ಅಂತ ಇಟ್ಟುಕೊಳ್ಳಿ. ಈ 9 ಆಂಪಿಯರ್ ಹೋಗುವ ದಾರಿಯಲ್ಲಿ ಬರೀ 0.15 ಓಮ್ ಅಡ್ಡಿ ಇದ್ದರೂ 1.35 ವೋಲ್ಟ್ ಅಲ್ಲೇ ಮಾಯ. ನಿಮ್ಮ 6.2 ಮತ್ತು 4.9 ನೋಡಿ, ಲೆಕ್ಕ ಕೂಡುತ್ತದೆ. 12 ವೋಲ್ಟ್ ಗಾಡಿಯಲ್ಲಿ ಇಷ್ಟು ಕಳೆದುಹೋದರೂ 10ಕ್ಕಿಂತ ಜಾಸ್ತಿ ಉಳಿಯುತ್ತದೆ. ನಮ್ಮ 6 ವೋಲ್ಟ್‌ಗೆ ಅಷ್ಟು ಅಂತರ ಎಲ್ಲಿದೆ?

ಪಾಯಿಂಟ್ ಇದ್ದಾಗ ಯಾಕೆ ಆಫ್ ಆಗುತ್ತಿರಲಿಲ್ಲ ಅಂತ ಕೇಳಬಹುದು. ಪಾಯಿಂಟ್ ಬರೀ ಒಂದು ಸ್ವಿಚ್. 4.5 ವೋಲ್ಟ್ ಬಂದರೂ ತೆರೆಯುತ್ತದೆ, ಮುಚ್ಚುತ್ತದೆ, ಸ್ಪಾರ್ಕ್ ಮಂಕಾದರೂ ಗಾಡಿ ಹೇಗೋ ಓಡುತ್ತದೆ. ಎಲೆಕ್ಟ್ರಾನಿಕ್ ಡಬ್ಬಿ ಹಾಗಲ್ಲ. ತನಗೆ ಬೇಕಾದ ವೋಲ್ಟೇಜ್‌ಗಿಂತ ಕೆಳಗೆ ಬಂದರೆ ಪೂರ್ತಿ ಸುಮ್ಮನಾಗುತ್ತದೆ. ಹತ್ತು ನಿಮಿಷ ಬಿಟ್ಟರೆ ಬ್ಯಾಟರಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ನೀವೂ ಲೈಟ್ ಆರಿಸಿ ಕಿಕ್ ಹೊಡೆಯುತ್ತೀರಿ, ಸ್ಟಾರ್ಟ್ ಆಗುತ್ತದೆ. ತೇವ ಆರಿತು ಅಂತ ಅನಿಸುವುದು ಸಹಜ.

ಮೊದಲು ಅರ್ಥಿಂಗ್ ನೋಡಿ, ಅಂದರೆ ಬ್ಯಾಟರಿ ಮೈನಸ್ ಗಾಡಿಯ ಲೋಹಕ್ಕೆ ಸೇರುವ ಜಾಗ. ಪೌಡರ್ ಕೋಟಿಂಗ್ ಮಾಡಿಸಿದ್ದೀರಿ ಅಂದಾಗಲೇ ನನಗೆ ಅನಿಸಿತ್ತು. ಅರ್ಥ್ ವೈರಿನ ಬೋಲ್ಟ್ ಬಿಚ್ಚಿ, ರಿಂಗ್ ಕೂರುವಷ್ಟು ಜಾಗವನ್ನು ಬ್ಲೇಡಿನಿಂದ ಕೆರೆಯಿರಿ. ಬಣ್ಣದ ಕೆಳಗೆ ಬೂದು ಪ್ರೈಮರ್ ಬಂದರೆ ನಿಲ್ಲಿಸಬೇಡಿ, ಬೆಳ್ಳಿ ಥರ ಹೊಳೆಯುವ ಕಬ್ಬಿಣ ಕಾಣಬೇಕು. ರಿಂಗ್ ಕೂರಿಸಿ ಬೋಲ್ಟ್ ಬಿಗಿ ಮಾಡಿದ ಮೇಲೆ ತುಕ್ಕು ಹಿಡಿಯದ ಹಾಗೆ ಮೇಲಿಂದ ಗ್ರೀಸ್ ಹಚ್ಚಿ. ಜೊತೆಗೆ ಬ್ಯಾಟರಿ ಮೈನಸ್‌ನಿಂದ ನೇರವಾಗಿ ಇಂಜಿನ್ ಬೋಲ್ಟ್‌ಗೆ ಇನ್ನೊಂದು ದಪ್ಪ ವೈರ್ ಎಳೆಯಿರಿ. ಹತ್ತು ನಿಮಿಷದ ಕೆಲಸ.

ಆಮೇಲೆ ಪ್ಲಸ್ ಕಡೆ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿ ಪ್ಲಸ್ ಮೇಲೇ ಇರಲಿ. ಕಪ್ಪು ಕಡ್ಡಿ ಫ್ಯೂಸ್‌ನ ಆಚೆ, ಕೀ ಸ್ವಿಚ್‌ಗೆ ಬರುವ ವೈರ್, ಸ್ವಿಚ್‌ನಿಂದ ಹೋಗುವ ವೈರ್, ಕಾಯಿಲ್ ಹೀಗೆ ಒಂದೊಂದೇ ಹೆಜ್ಜೆ ಮುಂದೆ ಹೋಗಲಿ. ಎಲ್ಲಿ ಅಂಕಿ ತಟ್ಟನೆ ಏರುತ್ತದೋ ಅಲ್ಲೇ ಕಳ್ಳ ಇದ್ದಾನೆ. ನನ್ನ ಅನುಭವದಲ್ಲಿ ಹೆಚ್ಚಾಗಿ ಕೀ ಸ್ವಿಚ್‌ನ ಒಳಗಿನ ಹಿತ್ತಾಳೆ ಪಟ್ಟಿ ಕಪ್ಪಾಗಿರುತ್ತದೆ.

ಈಗ ಹಿಂದಕ್ಕೆ ಓಡಿದ ವಿಷಯ. ಹೌದು, ಆಗುತ್ತದೆ. ಈ ಗಾಡಿಯ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ವಾಲ್ವ್ ಇಲ್ಲ. ಪಿಸ್ಟನ್ನೇ ಪೋರ್ಟ್ ತೆರೆದು ಮುಚ್ಚುತ್ತದೆ, ಅದು ಯಾವ ಕಡೆಗೆ ತಿರುಗಿದರೂ ಒಂದೇ. ಸ್ಪಾರ್ಕ್ ತೀರಾ ಮುಂಚೆ ಬಂದು, ಕಿಕ್ ಕೂಡ ಅರೆಮನಸ್ಸಿನದಾದರೆ ಪಿಸ್ಟನ್ ಮೇಲೆ ತಲುಪುವ ಮೊದಲೇ ಬೆಂಕಿ ಅದನ್ನು ಕೆಳಗೆ ನೂಕುತ್ತದೆ. ಕ್ರ್ಯಾಂಕ್ ಉಲ್ಟಾ ತಿರುಗಿ ಅದೇ ದಿಕ್ಕಿನಲ್ಲಿ ಓಡತೊಡಗುತ್ತದೆ. ಸದ್ದು ಸ್ವಲ್ಪ ಒರಟು ಅನಿಸಿದರೆ ಗೇರ್ ಹಾಕಬೇಡಿ, ತಕ್ಷಣ ಕೀ ಆಫ್ ಮಾಡಿ. ಗೋಡೆ ಬದಲು ಹಿಂದೆ ಮಗು ನಿಂತಿದ್ದರೆ ಅಂತ ಯೋಚಿಸಿ. ಟೈಮಿಂಗ್, ಅಂದರೆ ಸ್ಪಾರ್ಕ್ ಬರುವ ಹೊತ್ತು, ಹೇಗೆ ಇಟ್ಟಿರಿ?

ಕಾಫಿತೋಟ_ಸಕಲೇಶಪುರ

ಮೆಕ್ಯಾನಿಕ್ ಪ್ಲಗ್ ತೂತಿನಲ್ಲಿ ಸೈಕಲ್ ಸ್ಪೋಕ್ ಇಳಿಬಿಟ್ಟು, ಗುರುತು ಮಾಡಿ ಇಟ್ಟರು ಸರ್.

ಯಾದವಗಿರಿ_ಗ್ಯಾರೇಜ್

ಸ್ಪೋಕ್ ಸಾಲದು. ಅದು ಸ್ವಲ್ಪ ವಾಲಿದರೂ ಅಳತೆ ತಪ್ಪುತ್ತದೆ. ಪ್ಲಗ್ ಜಾಗಕ್ಕೆ ತಿರುಗಿಸುವ ಡಯಲ್ ಗೇಜ್ ಯಾರ ಹತ್ತಿರವಾದರೂ ಸಾಲ ತಗೊಳ್ಳಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಮುಳ್ಳು ನಿಂತು ವಾಪಸ್ ತಿರುಗುತ್ತದೆ. ಅದೇ ಸೊನ್ನೆ. ಅಲ್ಲಿಂದ ಹಿಂದಕ್ಕೆ ತಿರುಗಿಸಿ, ಕಿಟ್ ಜೊತೆ ಬಂದ ಹಾಳೆಯಲ್ಲಿ ಹೇಳಿದ ಮಿಲಿಮೀಟರಿಗೆ ನಿಲ್ಲಿಸಿ. ಪಾಯಿಂಟ್ ಕಾಲದ ಅಂಕಿ ಇಲ್ಲಿಗೆ ತರಬೇಡಿ, ಕಿಟ್‌ನವರು ಬೇರೆ ಕೊಟ್ಟಿರಬಹುದು.

ಬಲಗಡೆ ಕವರ್ ತೆಗೆದು ನೋಡಿದರೆ ಕ್ರ್ಯಾಂಕ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಸೆನ್ಸರ್ ಪ್ಲೇಟನ್ನು ಅದೇ ದಿಕ್ಕಿಗೆ ಸರಿಸಿದರೆ ಸ್ಪಾರ್ಕ್ ತಡವಾಗುತ್ತದೆ, ಎದುರು ದಿಕ್ಕಿಗೆ ಸರಿಸಿದರೆ ಬೇಗ ಬರುತ್ತದೆ. ನಿಮಗೆ ತಡ ಬೇಕು. ಕೂದಲೆಳೆಯಷ್ಟು ಸರಿಸಿ, ಬಿಗಿ ಮಾಡಿ, ಮತ್ತೆ ನೋಡಿ. ಕೊನೆಗೆ ಟೈಮಿಂಗ್ ಲೈಟ್ ಹಿಡಿದು ಖಚಿತ ಮಾಡಿಕೊಳ್ಳಿ. ಅದಕ್ಕೆ ಸಾಮಾನ್ಯವಾಗಿ 12 ವೋಲ್ಟ್ ಬೇಕು, ಪಕ್ಕದಲ್ಲಿ ಕಾರು ನಿಲ್ಲಿಸಿ ಅದರ ಬ್ಯಾಟರಿಗೆ ಕೊಡಿ.

ಕವರ್ ತೆಗೆದಾಗಲೇ ಆರ್ಮೇಚರ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಪ್ಲೇ ಗೊತ್ತಾದರೆ ಮೇನ್ ಬೇರಿಂಗ್ ಹೋಗಿದೆ. ಆಗ ಯಾವ ಕಿಟ್ ಹಾಕಿದರೂ ಟೈಮಿಂಗ್ ನಿಲ್ಲುವುದಿಲ್ಲ. ಪ್ಲಗ್ ಕ್ಯಾಪನ್ನೂ ಮೀಟರಿನಲ್ಲಿ ನೋಡಿ, 5 ಕಿಲೋ ಓಮ್ ಇರಬೇಕು. ಸೊನ್ನೆ ತೋರಿಸಿದರೆ ಬದಲಾಯಿಸಿ, ಸ್ಪಾರ್ಕಿನ ಗದ್ದಲ ಡಬ್ಬಿಯನ್ನು ಕೆಡಿಸುತ್ತದೆ.

ಬುಲೆಟ್_ಹಾಸನ

ಕಾಯಿಲ್ ವಿಷಯ ನನಗೂ ಗೊತ್ತಿರಲಿಲ್ಲ, ಥ್ಯಾಂಕ್ಸ್ ಸರ್. ಇಷ್ಟೆಲ್ಲ ಯಾಕೆ, ಪೂರ್ತಿ 12 ವೋಲ್ಟ್ ಮಾಡಿಸಿದರೆ ಒಳ್ಳೆಯದಲ್ವಾ?

ಯಾದವಗಿರಿ_ಗ್ಯಾರೇಜ್

ರಾತ್ರಿ ಜಾಸ್ತಿ ಓಡಿಸುವವರಿಗೆ ಖಂಡಿತ ಒಳ್ಳೆಯದು. 1996ರಲ್ಲಿ ಯೆಜ್ಡಿ ಫ್ಯಾಕ್ಟರಿ ಮುಚ್ಚುವ ಮೊದಲು ಮೈಸೂರಿನಿಂದಲೇ ಸಿಡಿಐ ರೋಡ್‌ಕಿಂಗ್ ಬಂದಿತ್ತು. ಆದರೆ 12 ವೋಲ್ಟ್ ಮಾಡಿಸಲು ಡೈನಮೋ ತೆಗೆಯಬೇಕು. ಬಲ್ಬು, ಹಾರ್ನು, ಬ್ಯಾಟರಿ ಎಲ್ಲ ಬದಲಾಗಬೇಕು. ಅರ್ಥಿಂಗ್ ಸರಿ ಇಲ್ಲದ ಗಾಡಿಗೆ 12 ವೋಲ್ಟ್ ಹಾಕಿದರೂ ಇದೇ ಗೋಳು ಇನ್ನೊಂದು ರೂಪದಲ್ಲಿ ಬರುತ್ತದೆ. ಮೊದಲು ದಾರಿ ಸರಿ ಮಾಡಲಿ.

ಕಾಫಿತೋಟ_ಸಕಲೇಶಪುರ

ಭಾನುವಾರ ಪೂರ್ತಿ ಇದರಲ್ಲೇ ಕಳೆದೆ. ಅರ್ಥ್ ಬೋಲ್ಟಿನ ಕೆಳಗೆ ಬಣ್ಣ ಎಷ್ಟು ದಪ್ಪ ಇತ್ತೆಂದರೆ ಬ್ಲೇಡ್ ಎರಡು ಮುರಿದವು. ಕೀ ಸ್ವಿಚ್ ಬಿಚ್ಚಿದೆ, ಹಿತ್ತಾಳೆ ಪಟ್ಟಿ ಬೆಂಕಿಕಡ್ಡಿ ತುದಿ ಥರ ಕಪ್ಪಗಿತ್ತು. ಎಮರಿ ಪೇಪರಿನಲ್ಲಿ ಉಜ್ಜಿದ ಮೇಲೆ ಅಲ್ಲಿ ಕಳೆದುಹೋಗುತ್ತಿದ್ದ 0.7 ವೋಲ್ಟ್ 0.1ಕ್ಕೆ ಇಳಿಯಿತು. ಪ್ಲಗ್ ಕ್ಯಾಪ್ ಸೊನ್ನೆ ತೋರಿಸಿತು, ಬದಲಾಯಿಸಿದೆ. ಬೇರಿಂಗ್ ಗಟ್ಟಿ ಇದೆ. ಡಯಲ್ ಗೇಜ್ ಹಾಕಿದಾಗ ಟೈಮಿಂಗ್ ಹಾಳೆಯಲ್ಲಿದ್ದದ್ದಕ್ಕಿಂತ 0.9 ಮಿಲಿಮೀಟರ್ ಮುಂಚೆ ಇತ್ತು.

ಈಗ ಲೈಟ್ ಹಾಕಿದಾಗ ಕಾಯಿಲ್ ಹತ್ತಿರ 5.8, ಇಂಜಿನ್ ಅರ್ಥ್ 0.05. ಇವತ್ತು ಬೆಳಗ್ಗೆ ಆರಕ್ಕೆ, ಎದುರಿನ ಸಿಲ್ವರ್ ಮರವೂ ಕಾಣದಷ್ಟು ಮಂಜಿನಲ್ಲಿ ಲೈಟ್ ಹಾಕಿಕೊಂಡೇ ಹಾಸನಕ್ಕೆ ಹೋಗಿ ಬಂದೆ. ಒಂದು ಸಲವೂ ಮಿಸ್ ಹೊಡೆಯಲಿಲ್ಲ. ಅಪ್ಪ ಗೇಟಿನ ಹತ್ತಿರ ನಿಂತು ಸದ್ದು ಕೇಳುತ್ತಿದ್ದರು.

ಹಳೇ ಪಾಯಿಂಟ್ ಪ್ಲೇಟ್ ಏನು ಮಾಡಲಿ ಸರ್?

ಯಾದವಗಿರಿ_ಗ್ಯಾರೇಜ್

ಎಣ್ಣೆ ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸ್‌ನಲ್ಲಿ ಇಡಿ, ಕಂಡೆನ್ಸರ್ ಸಮೇತ. ಬಿಸಿಲೆ ಘಾಟಿಯ ನಡುವೆ ಡಬ್ಬಿ ಕೈಕೊಟ್ಟರೆ ಅರ್ಧ ಗಂಟೆಯಲ್ಲಿ ವಾಪಸ್ ಹಾಕಿಕೊಂಡು ಮನೆ ಸೇರಬಹುದು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.